ಲಂಡನ್ನಿನ ವ್ಯಂಗ್ಯಚಿತ್ರಗಳೂ ಶ್ರೀರಂಗಪಟ್ಟಣದ ಬೇಗಂಗಳೂ

ಹೆಬ್ಬಾಳದಿಂದ ಯಲಹಂಕದ ಮೂಲಕ ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆಯನ್ನು ತಾವೆಲ್ಲರೂ ಬಲ್ಲಿರಿ. ಇಂದು ಅಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವ ಕಾರುಗಳದೇ ಸಾಲು. 1791ರ ಮಾರ್ಚ್ ತಿಂಗಳ ಕೊನೆಯಲ್ಲಿ ಬೆಂಗಳೂರಿನಿಂದ ಇದೇ ದಿಕ್ಕಿಗೆ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಹೊರಟಿತ್ತು. ಅದಕ್ಕೆ ಕೆಲವೇ ದಿನ ಮೊದಲು, ಮಾರ್ಚ್ 21ರ ರಾತ್ರಿ, ಬೆಂಗಳೂರು ಕೋಟೆ ಇಂಗ್ಲಿಷರ ವಶವಾಗಿ ಕಿಲ್ಲೇದಾರ ಬಹಾದುರ್ ಖಾನ್ ಕಾದಾಡುತ್ತಲೇ ಶಹೀದರಾಗಿದ್ದರು. ನಿಜಾಮನ ಕುದುರೆ ಸವಾರರನ್ನು ಕೂಡಿಕೊಳ್ಳಲು ಉತ್ತರಕ್ಕೆ ಹೊರಟ ಈ ಸೈನ್ಯದ ಕೈಗೆ ಹಝ್ರತ್ ಟಿಪ್ಪು ಸುಲ್ತಾನರು ಹುಟ್ಟಿದ ದೇವನಹಳ್ಳಿಯ ಕೋಟೆಯೂ ಸಿಕ್ಕಿತು.

ಮೇ ತಿಂಗಳಲ್ಲಿ ಅದೇ ಸೈನ್ಯ ಶ್ರೀರಂಗಪಟ್ಟಣದ ಎದುರಿಗೆ ಬಂದು ನಿಂತಿತು. ಮೇ 15ರಂದು ಅರಕೆರೆಯ ಬಳಿ ಯುದ್ಧವೂ ಆಯಿತು. ಆದರೆ ಮಳೆ ಹಿಡಿಯಿತು, ಎತ್ತುಗಳು ಸಾಲುಸಾಲಾಗಿ ಸತ್ತವು, ಧಾನ್ಯ ಮುಗಿಯಿತು. ಎಳೆದೊಯ್ಯಲಾಗದ ಭಾರೀ ಫಿರಂಗಿಗಳನ್ನು ತಾವೇ ಒಡೆದುಹಾಕಿ ಮೇ 26ರಂದು ಇಂಗ್ಲಿಷರು ಹಿಂದಿರುಗಬೇಕಾಯಿತು. ಹತ್ತು ವರ್ಷಗಳ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾದ ಸೇನಾಪತಿಯೂ ಇದೇ ಕಾರ್ನ್‌ವಾಲಿಸ್. ಆದ್ದರಿಂದ ಈ ಸುದ್ದಿ ಲಂಡನ್ ಮುಟ್ಟಿದಾಗ ಅಲ್ಲಿ ನಗುವವರಿಗೇನೂ ಕೊರತೆ ಇರಲಿಲ್ಲ.

ನಕ್ಕವರಲ್ಲಿ ಜೇಮ್ಸ್ ಗಿಲ್ರೇ ಎಂಬ ವ್ಯಂಗ್ಯಚಿತ್ರಕಾರನೂ ಒಬ್ಬ. 1791ರ ಡಿಸೆಂಬರ್ 6ರಂದು ಅವನ ಒಂದು ಅಚ್ಚುಚಿತ್ರ ಮಾರಾಟಕ್ಕೆ ಬಂತು. ಅದರ ಹೆಸರು 'ಮುಂಗಾರಿನ ಆಗಮನ ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟುವಿಕೆ' ಎಂಬರ್ಥದ್ದು. ಕೋಟೆಯ ಮೇಲೆ ಸುಲ್ತಾನರು ನಿಂತಿದ್ದಾರೆ, ಕೆಳಗೆ ಕಾರ್ನ್‌ವಾಲಿಸ್ ಓಡುತ್ತಿದ್ದಾನೆ. ಅವನ ಮೇಲೆ ಸುರಿಯುತ್ತಿರುವ 'ಮಳೆ' ಆಕಾಶದ್ದಲ್ಲ. ಅದಕ್ಕಿಂತ ಹೆಚ್ಚಿಗೆ ಈ ಪುಟಗಳಲ್ಲಿ ಬರೆಯಲು ಸಂಕೋಚವಾಗುತ್ತದೆ, ತಾವೇ ಊಹಿಸಿಕೊಳ್ಳಿ.

ನಮ್ಮ ಕೆಲವು ಗೆಳೆಯರು ಈ ಚಿತ್ರವನ್ನು ಮೊಬೈಲ್‌ಗಳಲ್ಲಿ ಹಂಚುತ್ತಾ, "ನೋಡಿ, ಇಂಗ್ಲಿಷರೇ ಸುಲ್ತಾನರ ಶೌರ್ಯವನ್ನು ಒಪ್ಪಿಕೊಂಡಿದ್ದಾರೆ" ಎಂದು ಹೆಮ್ಮೆಪಡುವುದುಂಟು. ಅಷ್ಟು ಬೇಗ ಹೆಮ್ಮೆಪಡಬೇಡಿ ಎಂಬುದು ನನ್ನ ವಿನಂತಿ. ಗಿಲ್ರೇಗೆ ಬೇಕಾಗಿದ್ದುದು ಕಾರ್ನ್‌ವಾಲಿಸನ ಮಾನ ಕಳೆಯುವುದು. ಅದಕ್ಕೆ ಸುಲ್ತಾನರನ್ನು ಒಂದು ಸಾಧನವಾಗಿ ಬಳಸಿಕೊಂಡ. ಪರಮತದ ದೊರೆಯೊಬ್ಬನ ಬಗ್ಗೆ ಗೌರವವಿದ್ದವನು ಅಂತಹ ಭಂಗಿಯಲ್ಲಿ ಚಿತ್ರಿಸುತ್ತಿರಲಿಲ್ಲ.

ಈ ಚಿತ್ರ ಹೊರಬರುವುದಕ್ಕೆ ಹದಿಮೂರು ದಿನ ಮೊದಲು, ನವೆಂಬರ್ 23ರಂದು, ಲಂಡನ್ನಿನಲ್ಲಿ ಒಂದು ರಾಜಮನೆತನದ ಮದುವೆ ನಡೆದಿತ್ತು. ಮೂರನೇ ಜಾರ್ಜ್ ದೊರೆಯ ಎರಡನೆಯ ಮಗ ಯಾರ್ಕಿನ ಡ್ಯೂಕ್ ಫ್ರೆಡರಿಕ್ ಮತ್ತು ಪ್ರಷ್ಯದ ರಾಜಕುಮಾರಿ ಫ್ರೆಡೆರಿಕಾ ಸೆಪ್ಟೆಂಬರಿನಲ್ಲಿ ಬರ್ಲಿನ್‌ನಲ್ಲಿ ಒಮ್ಮೆ ಮದುವೆಯಾಗಿ, ಲಂಡನ್ನಿಗೆ ಬಂದು ಮತ್ತೊಮ್ಮೆ ವಿಧಿ ಪೂರೈಸಿದರು. ಪತ್ರಿಕೆಗಳೆಲ್ಲ ಈ ಸೊಸೆಯ ಪುಟ್ಟ ಪಾದಗಳನ್ನು ಹಾಡಿ ಹೊಗಳತೊಡಗಿದವು. ಗಿಲ್ರೇ 1792ರ ಜನವರಿ 24ರಂದು ಅದಕ್ಕೆ ಉತ್ತರ ಕೊಟ್ಟ. ಅವನ ಚಿತ್ರದಲ್ಲಿ ಮುಖಗಳೇ ಇಲ್ಲ. ರತ್ನ ಕೂರಿಸಿದ ಎರಡು ಚಿಕ್ಕ ಪಾದರಕ್ಷೆಗಳು, ಅವುಗಳ ನಡುವೆ ಎರಡು ದೊಡ್ಡ ಬೂಟುಗಳು, ಅಷ್ಟೆ. ಇಡೀ ಲಂಡನ್ ಅರ್ಥಮಾಡಿಕೊಂಡಿತು.

ಹೀಗೆ ಒಂದೇ ಕೈ, ಒಂದೇ ಚಳಿಗಾಲದಲ್ಲಿ, ಶ್ರೀರಂಗಪಟ್ಟಣದ ಕೋಟೆಯನ್ನೂ ಅರಮನೆಯ ಮಲಗುವ ಕೋಣೆಯನ್ನೂ ಚಿತ್ರಿಸಿತು. ಇವೆರಡನ್ನೂ ಜೊತೆಗಿಟ್ಟು ನೋಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಈ ಚಿತ್ರಗಳು ಹೇಗೆ ತಯಾರಾಗುತ್ತಿದ್ದವು ಎಂಬುದನ್ನು ತಿಳಿಯೋಣ. ತಾಮ್ರದ ತಗಡಿಗೆ ಮೇಣದಂತಹ ಲೇಪ ಹಚ್ಚಿ, ಅದರ ಮೇಲೆ ಸೂಜಿಯಿಂದ ಚಿತ್ರ ಗೀಚುತ್ತಿದ್ದರು. ಆಮ್ಲ ಸುರಿದಾಗ ಗೀಚಿದ ಕಡೆಯಷ್ಟೇ ತಾಮ್ರ ಕರಗಿ ಗೆರೆಯಾಗುತ್ತಿತ್ತು. ಗೆರೆಗೆ ಮಸಿ ತುಂಬಿ, ಒದ್ದೆ ಕಾಗದ ಹಾಕಿ ಯಂತ್ರದಲ್ಲಿ ಒತ್ತಿದರೆ ಚಿತ್ರ ಸಿದ್ಧ. ಆಮೇಲೆ ಒಂದೊಂದು ಪ್ರತಿಗೂ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಕೊಳ್ಳುವವರು ಉಳ್ಳವರೇ ಆದರೂ ಅಂಗಡಿಯವರು ಹೊಸ ಚಿತ್ರಗಳನ್ನು ಕಿಟಕಿಯ ಗಾಜಿಗೆ ಅಂಟಿಸುತ್ತಿದ್ದುದರಿಂದ ಕೂಲಿಯವನೂ ಬೀದಿಯಲ್ಲಿ ನಿಂತು ಬಿಟ್ಟಿಯಾಗಿ ನೋಡಬಹುದಿತ್ತು. ಗಿಲ್ರೇಯ ಚಿತ್ರಗಳನ್ನು ಮಾರುತ್ತಿದ್ದವರು ಹ್ಯಾನಾ ಹಂಫ್ರಿ ಎಂಬ ಮಹಿಳೆ. ಅವನು ಅವರ ಅಂಗಡಿಯ ಮೇಲಿನ ಮನೆಯಲ್ಲೇ ವಾಸವಾಗಿದ್ದು 1815ರಲ್ಲಿ ಅಲ್ಲೇ ತೀರಿಕೊಂಡ.

ದೊರೆಮಕ್ಕಳ ಮದುವೆಗಳೆಂದರೆ ಈ ಅಂಗಡಿಗಳಿಗೆ ಹಬ್ಬ. ಅದಕ್ಕೆ ಬಲವಾದ ಕಾರಣವೂ ಇತ್ತು. 1772ರಲ್ಲಿ ಮೂರನೇ ಜಾರ್ಜ್ ಒಂದು ಕಾನೂನು ಮಾಡಿಸಿದ್ದ: ರಾಜಮನೆತನದವರು ದೊರೆಯ ಒಪ್ಪಿಗೆ ಇಲ್ಲದೆ ಮದುವೆಯಾದರೆ ಅದು ಮದುವೆಯೇ ಅಲ್ಲ. 1701ರ ಇನ್ನೊಂದು ಕಾನೂನಿನ ಪ್ರಕಾರ ಕ್ಯಾಥೊಲಿಕ್ ಪಂಥದವರನ್ನು ವರಿಸಿದವನಿಗೆ ಸಿಂಹಾಸನದ ಹಕ್ಕೇ ಇಲ್ಲ. ಎರಡೂ ಕಾನೂನುಗಳನ್ನು ಏಕಕಾಲಕ್ಕೆ ಮುರಿದವನು ದೊರೆಯ ಹಿರಿಯ ಮಗನೇ. 1785ರ ಡಿಸೆಂಬರ್ 15ರಂದು ಇಪ್ಪತ್ತಮೂರರ ಯುವರಾಜ, ಎರಡು ಬಾರಿ ವಿಧವೆಯಾಗಿದ್ದ ಮರಿಯಾ ಫಿಟ್ಜ್‌ಹರ್ಬರ್ಟ್ ಎಂಬ ಕ್ಯಾಥೊಲಿಕ್ ಮಹಿಳೆಯನ್ನು ಆಕೆಯ ಮನೆಯಲ್ಲೇ ಗುಟ್ಟಾಗಿ ಮದುವೆಯಾದ. ಮದುವೆ ಮಾಡಿಸಿದ ಪಾದ್ರಿಯನ್ನು ಎಲ್ಲಿಂದ ಕರೆತಂದರು ಗೊತ್ತೇ? ಸಾಲಗಾರರ ಜೈಲಿನಿಂದ, ಅವನ ಸಾಲ ತೀರಿಸಿ!

ಗುಟ್ಟು ಎಷ್ಟು ದಿನ ಉಳಿದೀತು? 1786ರ ಮಾರ್ಚ್ 27ಕ್ಕೆ ಗಿಲ್ರೇಯ 'ಹೆಂಡತಿ ಹೌದು, ಹೆಂಡತಿ ಅಲ್ಲ' ಎಂಬರ್ಥದ ಚಿತ್ರ ಕಿಟಕಿಯಲ್ಲಿತ್ತು. ಅದರಲ್ಲಿ ಮದುವೆ ಫ್ರಾನ್ಸಿನ ಚರ್ಚೊಂದರಲ್ಲಿ ನಡೆಯುತ್ತದೆ. ಪಾದ್ರಿಯ ವೇಷದಲ್ಲಿ ಪಾರ್ಲಿಮೆಂಟ್ ಸದಸ್ಯ ಎಡ್ಮಂಡ್ ಬರ್ಕ್, ಹೆಣ್ಣನ್ನು ಧಾರೆ ಎರೆದುಕೊಡುವವನು ಚಾರ್ಲ್ಸ್ ಫಾಕ್ಸ್, ಪಕ್ಕದಲ್ಲಿ ಗಾಡಿ ಹೊಡೆಯುವವನಾಗಿ ನಿದ್ದೆ ಹೊಡೆಯುತ್ತಿರುವವನು ಮಾಜಿ ಪ್ರಧಾನಿ ಲಾರ್ಡ್ ನಾರ್ತ್. ಮುಂದಿನ ವರ್ಷ ಇದೇ ಫಾಕ್ಸ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಇಂತಹ ಮದುವೆ ನಡೆದೇ ಇಲ್ಲವೆಂದು ಸಾರಿದ. ಪಾರ್ಲಿಮೆಂಟಿನಲ್ಲಿ ಸುಳ್ಳು, ಅಂಗಡಿಯ ಕಿಟಕಿಯಲ್ಲಿ ಸತ್ಯ! ವ್ಯಂಗ್ಯಚಿತ್ರವನ್ನು ಚರಿತ್ರೆಯ ಆಧಾರವೆಂದು ಪರಿಗಣಿಸಲು ಇದೊಂದು ಉದಾಹರಣೆ ಸಾಕು. (ಕ್ಯಾಥೊಲಿಕರನ್ನು ವರಿಸಿದರೆ ಹಕ್ಕು ತಪ್ಪುವ ಆ ನಿಯಮವನ್ನು ಇಂಗ್ಲೆಂಡ್ ತೆಗೆದುಹಾಕಿದ್ದು 2013ರ ಕಾನೂನಿನಿಂದ, ಅದು ಜಾರಿಗೆ ಬಂದದ್ದು 2015ರಲ್ಲಿ.)

1795ರ ಹೊತ್ತಿಗೆ ಯುವರಾಜನ ಸಾಲ ಆರು ಲಕ್ಷ ಪೌಂಡ್ ದಾಟಿತ್ತು. ಸಾಲ ತೀರಬೇಕಾದರೆ ಕಾನೂನುಬದ್ಧ ಮದುವೆಯಾಗಬೇಕಿತ್ತು. ಏಪ್ರಿಲ್ 8ರಂದು ಬ್ರನ್ಸ್‌ವಿಕ್ಕಿನ ಕ್ಯಾರೊಲಿನ್ ಜೊತೆ ಮದುವೆಯಾಯಿತು. ಮರುವರ್ಷ ಜನವರಿಯಲ್ಲಿ ಅವರಿಗೆ ಮಗಳು ಹುಟ್ಟಿದಾಗ ಗಿಲ್ರೇ ಬರೆದ ಚಿತ್ರವು ಏಸು ಕ್ರಿಸ್ತರ ಜನನದ ಪವಿತ್ರ ಪ್ರಸಂಗವನ್ನು ಅನುಕರಿಸಿ ಹಾಸ್ಯ ಮಾಡಿತು. ಆಗ ಪೊಲೀಸರು ಬಂದರು. ದೊರೆಯನ್ನು, ರಾಣಿಯನ್ನು, ಅವರ ಮಕ್ಕಳನ್ನು ವರ್ಷಗಟ್ಟಲೆ ಲೇವಡಿ ಮಾಡಿದವನನ್ನು ಬಂಧಿಸಿದ್ದು ದೈವನಿಂದನೆಯ ಆರೋಪದ ಮೇಲೆ. 'ಪಾಶ್ಚಾತ್ಯರಲ್ಲಿ ಯಾವುದಕ್ಕೂ ಮಿತಿ ಇಲ್ಲ, ಹಿಂದೆಯೂ ಇರಲಿಲ್ಲ' ಎನ್ನುವವರು ಈ ಸಂಗತಿಯನ್ನು ಗಮನಿಸಬೇಕು. ಪ್ರಕರಣವೇನೋ ಮುಂದುವರಿಯಲಿಲ್ಲ. 1797ರಿಂದ ಅದೇ ಗಿಲ್ರೇಗೆ ಸರ್ಕಾರದ ಪಕ್ಷದಿಂದ ವರ್ಷಕ್ಕೆ 200 ಪೌಂಡ್ ಪಿಂಚಣಿ ಬರತೊಡಗಿತು! ಕುಂಚಕ್ಕೆ ಬೀಗ ಹಾಕುವುದಕ್ಕಿಂತ ಕುಂಚವನ್ನೇ ಕೊಳ್ಳುವುದು ಅಗ್ಗವೆಂದು ಮಂತ್ರಿಗಳಿಗೆ ತಿಳಿದಿತ್ತು.

ಇಂತಹ ಲೇವಡಿ ನಮಗೆ ಹೊಸದೇ? ಉರ್ದು ಕಾವ್ಯದಲ್ಲಿ 'ಹಜ್ವ್' ಎಂಬ ಪ್ರಕಾರವೇ ಇದೆ. ನವಾಬ್ ಹೈದರ್ ಅಲಿ ಖಾನರ ಸಮಕಾಲೀನನಾದ ದೆಹಲಿಯ ಮಿರ್ಝಾ ಸೌದಾ ಯಾರ ಮೇಲಾದರೂ ಸಿಟ್ಟು ಬಂದರೆ ತನ್ನ ಸೇವಕ ಗುಂಚಾನನ್ನು ಕೂಗಿ ಲೇಖನಿಯ ಪೆಟ್ಟಿಗೆ ತರಿಸುತ್ತಿದ್ದನೆಂದು 'ಆಬೆ ಹಯಾತ್'ನಲ್ಲಿ ಮುಹಮ್ಮದ್ ಹುಸೇನ್ ಆಝಾದ್ ಬರೆದಿದ್ದಾರೆ. ಶ್ರೀರಂಗಪಟ್ಟಣದಲ್ಲಿಯೂ ವ್ಯಂಗ್ಯಚಿತ್ರಗಳಿದ್ದವು, ಕಾಗದದ ಮೇಲಲ್ಲ, ಗೋಡೆಗಳ ಮೇಲೆ. ಮುಖ್ಯ ಬೀದಿಗಳ ಮನೆಗಳ ಹೊರಗೋಡೆಯಲ್ಲಿ ಸುಲ್ತಾನರ ಅಪ್ಪಣೆಯಂತೆ ಇಂಗ್ಲಿಷರನ್ನು ಹಾಸ್ಯ ಮಾಡುವ ಆಳೆತ್ತರದ ಚಿತ್ರಗಳನ್ನು ಬರೆಸಲಾಗಿತ್ತೆಂದು ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಹೇಳುತ್ತಾನೆ. ಒಂದರಲ್ಲಿ ನಡುಗುತ್ತಿರುವ ಇಂಗ್ಲಿಷನ ಮೇಲೆ ಹುಲಿ ಎರಗುತ್ತಿತ್ತು. ಇನ್ನೊಂದರಲ್ಲಿ ಕುದುರೆ ಸವಾರನೊಬ್ಬ ಒಂದೇ ಏಟಿಗೆ ಎರಡು ತಲೆ ಹಾರಿಸುತ್ತಿದ್ದ. 1791ರಲ್ಲಿ ಕಾರ್ನ್‌ವಾಲಿಸ್ ಸಮೀಪಿಸಿದಾಗ ಅವುಗಳಿಗೆ ಸುಣ್ಣ ಬಳಿಯಲಾಯಿತು. ಅಂದರೆ ಇಲ್ಲಿಯ ಗೋಡೆಗಳ ಮೇಲಿನ ನಗು ಅಳಿದ ವರ್ಷವೇ ಲಂಡನ್ನಿನ ಕಿಟಕಿಯಲ್ಲಿ ಶ್ರೀರಂಗಪಟ್ಟಣದ ನಗು ಕಾಣಿಸಿಕೊಂಡಿತು. ದರಿಯಾ ದೌಲತ್ ಬಾಗಿನ ಗೋಡೆಯ ಮೇಲಿನ 1780ರ ಪೊಲ್ಲಿಲೂರು ಯುದ್ಧದ ಚಿತ್ರವನ್ನಂತೂ ಇಂದಿಗೂ ನೋಡಬಹುದು.

ಈಗ 1792ರ ಆರಂಭಕ್ಕೆ ಹಿಂತಿರುಗೋಣ. ಡ್ಯೂಕನ ಪತ್ನಿಯ ಪಾದರಕ್ಷೆಯ ಚಿತ್ರ ಲಂಡನ್ನಿನಲ್ಲಿ ಮಾರಾಟವಾಗತೊಡಗಿದ್ದು ಜನವರಿ 24ರಂದು. ಎರಡು ವಾರ ಕಳೆಯುವಷ್ಟರಲ್ಲಿ, ಫೆಬ್ರವರಿ 6ರ ರಾತ್ರಿ, ಕಾರ್ನ್‌ವಾಲಿಸನ ಸೈನ್ಯ ಮತ್ತೆ ಬಂದು ಶ್ರೀರಂಗಪಟ್ಟಣದ ಹೊರಸಾಲಿನ ಮೇಲೆ ಎರಗಿತು. ಆ ಸೈನ್ಯದಲ್ಲಿದ್ದ ಮೇಜರ್ ಡಿರೋಮ್ 1793ರಲ್ಲಿ ಪ್ರಕಟಿಸಿದ ಯುದ್ಧಕಥನದಲ್ಲಿ ಒಂದು ಮಾತು ಬರುತ್ತದೆ. ಒತ್ತೆಯಾಳಾಗಿ ಬಂದ ಚಿಕ್ಕ ಶಹಜಾದೆ ಮುಯಿಝುದ್ದೀನನ ರೂಪವನ್ನು ವರ್ಣಿಸುತ್ತಾ, ಈ ಬಾಲಕನ ತಾಯಿ ಸುಂದರಿಯೂ ಕೋಮಲಳೂ ಆಗಿದ್ದಳು, ಸತ್ಯಮಂಗಲದಲ್ಲಿ ಮಡಿದ ಬುರ್ಹಾನುದ್ದೀನನ ಸಹೋದರಿ, ಹೊರಸಾಲಿನ ಮೇಲೆ ದಾಳಿಯಾದ ಕೆಲವೇ ದಿನಗಳಲ್ಲಿ ಭಯದಿಂದಲೂ ಆತಂಕದಿಂದಲೂ ತೀರಿಕೊಂಡಳು ಎಂದು ಡಿರೋಮ್ ಬರೆಯುತ್ತಾನೆ.

ಅಷ್ಟೇ. ಹೆಸರಿಲ್ಲ. ಆಕೆ ಯಾರ ತಾಯಿ ಮತ್ತು ಯಾರ ಸಹೋದರಿ ಎಂಬುದಿದೆ. ನಮ್ಮ ಚರಿತ್ರೆಗಳು ಆಕೆಯನ್ನು ರುಕಯ್ಯಾ ಬಾನು ಎಂದು ಕರೆಯುತ್ತವೆ. ಸುಲ್ತಾನರೊಂದಿಗೆ ಆಕೆಯ ನಿಕಾಹ್ ಆದದ್ದು 1774ರಲ್ಲಿ. ಸೋದರ ಬುರ್ಹಾನುದ್ದೀನ್ ಸುಲ್ತಾನರ ನಂಬಿಕೆಯ ಸೇನಾಧಿಕಾರಿ. 1790ರಲ್ಲಿ ಸತ್ಯಮಂಗಲದ ಯುದ್ಧದಲ್ಲಿ ಶಹೀದರಾದರು. ಸೋದರನನ್ನು ಕಳೆದುಕೊಂಡು ಎರಡು ವರ್ಷವೂ ತುಂಬಿರಲಿಲ್ಲ, ಫಿರಂಗಿಗಳ ಸದ್ದು ಆಕೆಯ ಅಂತಃಪುರಕ್ಕೇ ಬಂತು. ಫೆಬ್ರವರಿ 26ರಂದು ಮುಯಿಝುದ್ದೀನ್ ಮತ್ತು ಅಬ್ದುಲ್ ಖಾಲಿಖ್ ಎಂಬ ಇಬ್ಬರು ಬಾಲಕರನ್ನು ಆನೆಗಳ ಮೇಲೆ ಕೂರಿಸಿ ಕಾರ್ನ್‌ವಾಲಿಸನ ಡೇರೆಗೆ ಕಳುಹಿಸಿಕೊಡಲಾಯಿತು. ಸುಮಾರು ಎಂಟು ವರ್ಷದ ಮುಯಿಝುದ್ದೀನನ ತಾಯಿ ತೀರಿ ಮೂರು ವಾರವೂ ಆಗಿರಲಿಲ್ಲ. ಈ ದೃಶ್ಯವನ್ನು ಇಂಗ್ಲಿಷ್ ಕಲಾವಿದರು ಮತ್ತೆ ಮತ್ತೆ ಚಿತ್ರಿಸಿದರು. ಸೈನ್ಯದ ಜೊತೆಗೇ ಇದ್ದ ರಾಬರ್ಟ್ ಹೋಮ್ ಅವರಲ್ಲಿ ಒಬ್ಬ. ಅಲ್ಲಿ ಕಾರ್ನ್‌ವಾಲಿಸ್ ಮಕ್ಕಳ ಕೈಹಿಡಿಯುವ ದಯಾಳು ತಂದೆಯಂತೆ ಕಾಣುತ್ತಾನೆ. ಮೊನ್ನೆ ಮೊನ್ನೆ ನಗೆಪಾಟಲಾಗಿದ್ದವನು ಈಗ ಪೂಜ್ಯ. ತಾಯಿ ಯಾವ ಚಿತ್ರದಲ್ಲೂ ಇಲ್ಲ.

ಏಳು ವರ್ಷಗಳ ನಂತರ, 1799ರ ಮೇ 4ರಂದು ಸುಲ್ತಾನರು ಶಹೀದರಾದರು. ಅದೇ ವರ್ಷ ಲಂಡನ್ನಿನಲ್ಲಿ ಥಾಮಸ್ ರೋಲಂಡ್ಸನ್ ಎಂಬ ಇನ್ನೊಬ್ಬ ಹೆಸರಾಂತ ವ್ಯಂಗ್ಯಚಿತ್ರಕಾರ 'ಟಿಪ್ಪುವಿನ ಮರಣ ಅಥವಾ ಜನಾನಾಕ್ಕೆ ಮುತ್ತಿಗೆ' ಎಂಬರ್ಥದ ಚಿತ್ರ ಹೊರತಂದ. ಇಂಗ್ಲಿಷ್ ಸಿಪಾಯಿಗಳು ಅಂತಃಪುರಕ್ಕೆ ನುಗ್ಗಿ ಹೆಂಗಸರ ಮೇಲೆ ಕೈಹಾಕುವ ದೃಶ್ಯ ಅದು. ಅದನ್ನು ಪೂರ್ತಿ ವರ್ಣಿಸುವುದು ಉಚಿತವಲ್ಲ. ಅದು ಸಿಪಾಯಿಗಳ ಲಂಪಟತನವನ್ನೇ ಹಂಗಿಸುತ್ತದೆ ಎನ್ನುವವರಿದ್ದಾರೆ. ಇರಬಹುದು, ಅದರಲ್ಲಿ ಸತ್ಯಾಂಶವೂ ಇದೆ. ಆ ರಾತ್ರಿ ಊರಿನಲ್ಲಿ ಲೂಟಿಯಾಗದ ಮನೆಯೇ ಇರಲಿಲ್ಲವೆಂಬರ್ಥದ ಮಾತನ್ನು ಆರ್ಥರ್ ವೆಲ್ಲೆಸ್ಲಿಯೇ ಬರೆದಿದ್ದಾನೆ. ಆದರೆ ಅರಮನೆಯ ಒಳಗೆ ಮೇಜರ್ ಅಲನ್ ಹೋದದ್ದು ಸಂಧಾನದ ಬಿಳಿ ಬಾವುಟದೊಂದಿಗೆ, ಮತ್ತು ಜನಾನಾಕ್ಕೆ ಕಾವಲು ಹಾಕಲಾಗಿತ್ತು. ಚಿತ್ರಕಾರನಿಗೆ ಅದು ಬೇಕಿರಲಿಲ್ಲ.

ನನ್ನನ್ನು ಕಾಡುವುದು ಬೇರೆ ಸಂಗತಿ. 1797ರ ಮೇ 18ರಂದು ದೊರೆಯ ಹಿರಿಯ ಮಗಳು ಚಾರ್ಲಟಳ ಮದುವೆ ವುರ್ಟೆಂಬರ್ಗಿನ ಸ್ಥೂಲಕಾಯದ ರಾಜಕುಮಾರನೊಂದಿಗೆ ನಡೆದಾಗ ಗಿಲ್ರೇ 'ಮದುವೆಯ ರಾತ್ರಿ' ಎಂಬ ಚಿತ್ರ ಬರೆದಿದ್ದ. ಅದೂ ಅಂತಃಪುರದ ಬಾಗಿಲಿನದೇ ಚಿತ್ರ. ಆದರೆ ಅಲ್ಲಿ ದೊರೆ, ರಾಣಿ, ವಧು, ವರ ಎಲ್ಲರನ್ನೂ ಜನ ಗುರುತು ಹಿಡಿಯಬಹುದು. ಪ್ರಧಾನಿ ವಿಲಿಯಂ ಪಿಟ್ ಹಣದ ಚೀಲ ಹೊತ್ತು ಬರುತ್ತಾನೆ, ಅದರ ಮೇಲೆ 80,000 ಪೌಂಡ್ ಎಂದು ಬರೆದಿದೆ. ಅದು ಪಾರ್ಲಿಮೆಂಟ್ ಮಂಜೂರು ಮಾಡಿದ ವರದಕ್ಷಿಣೆ, ಅಂದರೆ ತೆರಿಗೆ ಕಟ್ಟಿದವನ ದುಡ್ಡು. ಹೆಣ್ಣಿಗೆ ಮಹರ್ ಕೊಡಬೇಕಾದ ನಮ್ಮಲ್ಲೇ ಇಂದು ಗಂಡಿನವರು ಚೀಲ ಹಿಡಿದು ನಿಲ್ಲುವ ಪರಿಸ್ಥಿತಿ ಇರುವುದರಿಂದ ಈ ಚಿತ್ರ ನಮಗೂ ಚುಚ್ಚುತ್ತದೆ! ಆ ಚಿತ್ರದಲ್ಲಿ ನಗುವಿನ ಹಿಂದೆ ಒಂದು ಲೆಕ್ಕ ಕೇಳುವ ಪ್ರಶ್ನೆ ಇದೆ. ರೋಲಂಡ್ಸನ್ನನ ಚಿತ್ರದಲ್ಲಿ ಅದಿಲ್ಲ. ಅಲ್ಲಿರುವ ಹೆಂಗಸರು ಯಾರು, ಯಾರ ಮಕ್ಕಳು, ಯಾರು ಹೆಂಡತಿ, ಯಾರು ದಾಸಿ ಎಂಬುದು ಕೊಳ್ಳುವವನಿಗೂ ಬೇಡ, ಬರೆದವನಿಗೂ ಬೇಡ. 'ಜನಾನಾ' ಎಂಬ ಒಂದು ಶಬ್ದ ಸಾಕಾಯಿತು.

ಡ್ಯೂಕನ ಪತ್ನಿಗೂ ಗಿಲ್ರೇ ಮುಖ ಕೊಡಲಿಲ್ಲ, ಪಾದವಷ್ಟೇ ಕೊಟ್ಟ ಎಂದು ತಾವು ಆಕ್ಷೇಪಿಸಬಹುದು. ನಿಜ, ಅಲ್ಲಿಯೂ ಹೆಣ್ಣೇ ನಗೆಗೆ ಬಲಿ. ಆ ದಾಂಪತ್ಯ ಮುರಿದು, ಮಕ್ಕಳಿಲ್ಲದ ಆಕೆ ಓಟ್‌ಲ್ಯಾಂಡ್ಸ್ ಎಂಬಲ್ಲಿ ಹಿಂಡು ನಾಯಿಗಳ ನಡುವೆ ಬದುಕು ಸವೆಸಿದಳು. ಆದರೆ ಅಲ್ಲಿ ಅದೇ ಮಸಿ ಹೆಣ್ಣಿನ ಪರವಾಗಿಯೂ ತಿರುಗಬಲ್ಲದಾಗಿತ್ತು. 1820ರಲ್ಲಿ ನಾಲ್ಕನೇ ಜಾರ್ಜ್ ಆಗಿ ಪಟ್ಟಕ್ಕೆ ಬಂದ ಅದೇ ಯುವರಾಜ, ಪತ್ನಿ ಕ್ಯಾರೊಲಿನಳನ್ನು ಪಾರ್ಲಿಮೆಂಟಿನ ಮೂಲಕ ತ್ಯಜಿಸಲು ಹೊರಟ. ತನ್ನನ್ನು ಕೆಟ್ಟದಾಗಿ ಚಿತ್ರಿಸಬಾರದೆಂದು ಜಾರ್ಜ್ ಕ್ರೂಕ್‌ಶಾಂಕ್ ಎಂಬ ಚಿತ್ರಕಾರನಿಗೆ ಜೂನ್ ತಿಂಗಳಲ್ಲಿ 100 ಪೌಂಡ್ ಕೊಡಿಸಿದ. ಆಗಸ್ಟ್‌ನಲ್ಲಿ ಅದೇ ಕ್ರೂಕ್‌ಶಾಂಕ್ ಚಿತ್ರ ಬರೆದು ವಿಲಿಯಂ ಹೋನ್ ಪ್ರಕಟಿಸಿದ 'ರಾಣಿಯ ದಾಂಪತ್ಯದ ಏಣಿ' ಎಂಬ ಪುಸ್ತಿಕೆ ಒಂದು ಷಿಲಿಂಗಿಗೆ ಬೀದಿಬೀದಿಯಲ್ಲಿ ಮಾರಾಟವಾಯಿತು. ಹದಿನಾಲ್ಕು ಮೆಟ್ಟಿಲುಗಳಲ್ಲಿ ಆ ಮದುವೆಯ ಕಥೆ, ಜೊತೆಗೆ ರಟ್ಟಿನ ಆಟಿಕೆ ಏಣಿ! ನವೆಂಬರ್ 10ರಂದು ಮಸೂದೆಯನ್ನು ಕೈಬಿಡಬೇಕಾಯಿತು. ಕ್ಯಾರೊಲಿನ್ ಪರವಾಗಿ ಮಾತಾಡುವವರು, ಅರ್ಜಿ ಬರೆಯುವವರು, ಮೆರವಣಿಗೆ ತೆಗೆಯುವವರು ಸಾವಿರಾರು ಜನ ಇದ್ದರು.

ಸುಲ್ತಾನರ ಮನೆಯ ಹೆಂಗಸರಿಗೆ ಆ ಭಾಗ್ಯವಿರಲಿಲ್ಲ. ಪತನದ ನಂತರ ಕುಟುಂಬವನ್ನು ವೆಲ್ಲೂರು ಕೋಟೆಗೆ ಸಾಗಿಸಲಾಯಿತು. ಕೋಟೆಯೊಳಗಿನ ಮಹಲುಗಳು ಇಂದಿಗೂ ಹೈದರ್ ಮಹಲ್, ಟಿಪ್ಪು ಮಹಲ್ ಎಂದು ಕರೆಸಿಕೊಳ್ಳುತ್ತವೆ. ಅಲ್ಲಿ 1806ರ ಜುಲೈ 9ರಂದು ಸುಲ್ತಾನರ ಮಗಳೊಬ್ಬಳ ನಿಕಾಹ್ ನಡೆಯಿತು. ನೆಂಟರು, ಹಳೆಯ ಸೇವಕರು, ಸಿಪಾಯಿಗಳು ಕೋಟೆಯಲ್ಲಿ ಸೇರಿದರು. ಹಣೆಯ ನಾಮ ಅಳಿಸಬೇಕು, ಗಡ್ಡ ಬೋಳಿಸಬೇಕು, ಚರ್ಮದ ಪಟ್ಟಿಯಿರುವ ಹೊಸ ಪಗಡಿ ಧರಿಸಬೇಕು ಎಂಬ ಆಜ್ಞೆಗಳಿಂದ ಹಿಂದೂ ಮುಸ್ಲಿಂ ಸಿಪಾಯಿಗಳಿಬ್ಬರೂ ಕುದಿಯುತ್ತಿದ್ದರು. ಜುಲೈ 10ರ ನಸುಕಿನಲ್ಲಿ ಅವರು ಎದ್ದರು, ಕೋಟೆಯ ಮೇಲೆ ಮೈಸೂರಿನ ಹುಲಿಪಟ್ಟೆಯ ಬಾವುಟ ಏರಿತು. ಮಧ್ಯಾಹ್ನದೊಳಗೆ ಆರ್ಕಾಟಿನಿಂದ ಬಂದ ಗಿಲೆಸ್ಪಿಯ ಕುದುರೆ ಪಡೆ ಎಲ್ಲವನ್ನೂ ಮುಗಿಸಿತು. 1857ಕ್ಕೆ ಅರ್ಧ ಶತಮಾನ ಮೊದಲು ನಡೆದ ಬಂಡಾಯವಿದು, ಇದರ ಮುನ್ನಾ ದಿನ ಒಂದು ಮದುವೆ.

ಬಂಡಾಯದ ಬಳಿಕ ಶಹಜಾದೆಗಳನ್ನು ಕಲ್ಕತ್ತೆಗೆ ಸಾಗಿಸಿದರು. ಇಂಗ್ಲಿಷ್ ವರದಿಗಳಲ್ಲಿ ಆ ವಧು ಸಾಮಾನ್ಯವಾಗಿ 'ಟಿಪ್ಪುವಿನ ಮಗಳು' ಮಾತ್ರ. ಲಂಡನ್ನಿನ ದೊರೆಮಗಳ ಮದುವೆಗಾದರೆ ಹೂಮಾಲೆಯಿಂದ ಹಿಡಿದು ಬೂಟಿನವರೆಗೆ ಬರೆದಿಡುವವರಿದ್ದರು. ಈ ಮದುವೆಯ ಬಗ್ಗೆ ಕಂಪನಿಗೆ ಬೇಕಾಗಿದ್ದುದು ಒಂದೇ ಪ್ರಶ್ನೆಗೆ ಉತ್ತರ: ಅಲ್ಲಿಗೆ ಯಾರು ಯಾರು ಬಂದಿದ್ದರು?

ತರಗತಿಯಲ್ಲಿ ಇಂತಹ ಚಿತ್ರಗಳನ್ನು ತೋರಿಸುವ ಶಿಕ್ಷಕ ಮಿತ್ರರು 'ಇದರಲ್ಲಿ ಏನಿದೆ' ಎಂದು ಕೇಳಿ ನಿಲ್ಲಿಸಬೇಡಿ. ಯಾರು ಕೊಂಡರು, ಯಾರು ನಕ್ಕರು, ಯಾರನ್ನು ಬಿಟ್ಟರು ಎಂದೂ ಕೇಳಿ. ಮುಂದಿನ ಬಾರಿ ಶಾಲಾ ಪ್ರವಾಸ ಶ್ರೀರಂಗಪಟ್ಟಣಕ್ಕೆ ಹೋದಾಗ ಗುಂಬಝ್‌ನಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಜೊತೆ ಇರುವ ಮೂರನೆಯ ಸಮಾಧಿ ಯಾರದೆಂದು ಮಕ್ಕಳಿಗೆ ಹೇಳಿ. ಅದು ಸುಲ್ತಾನರ ತಾಯಿ ಫಾತಿಮಾ ಫಖ್ರುನ್ನಿಸಾ ಬೇಗಂ ಅವರದು. ವೆಲ್ಲೂರಿಗೆ ಹೋಗುವ ಅವಕಾಶ ಸಿಕ್ಕರೆ ಕೋಟೆ ನೋಡಿ ಹಿಂತಿರುಗದೆ, ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಸಮಾಧಿಗಳ ಬಳಿಗೂ ಹೋಗಿ ಬನ್ನಿ. ಹೈದರ್ ಅಲಿ ಖಾನರ ಪತ್ನಿ ಬಖ್ಷಿ ಬೇಗಂ ಅಲ್ಲಿದ್ದಾರೆ. ಟಿಪ್ಪು ಸುಲ್ತಾನರ ಪತ್ನಿ ಪಾದಷಾ ಬೇಗಂ ಕೂಡ ಅಲ್ಲಿದ್ದಾರೆ. ಪತಿ ತೀರಿದ ಮೂವತ್ತೈದು ವರ್ಷಗಳ ನಂತರ, 1834ರಲ್ಲಿ, ಅವರು ಕಣ್ಣು ಮುಚ್ಚಿದರು.